ಯಾವ ಅತ್ತೆ?

ಕೆರೆದಷ್ಟೂ ಮುಗಿಯುತ್ತಿರಲಿಲ್ಲ. ಆಳೆತ್ತರದ ಫ್ರೀಜರಿನ ಬಾಗಿಲು ತೆರೆದಿಟ್ಟು, ಕೆಳಗೆ ಹಳೆಯ ಟವಲುಗಳನ್ನು ಹಾಸಿ, ಅಕ್ಕ ಮರದ ಸಟ್ಟುಗದಿಂದ ಒಳಗೋಡೆಗೆ ಕಚ್ಚಿಕೊಂಡಿದ್ದ ಮಂಜುಗಡ್ಡೆಯನ್ನು ಕೆರೆಯುತ್ತಿದ್ದಳು. ಕಬ್ಬಿಣದ್ದರಿಂದ ಕೆರೆದರೆ ಒಳಗಿನ ಕೊಳವೆಗೆ ತೂತು ಬೀಳುತ್ತದೆ, ಬಿಸಿನೀರು ಸುರಿದರೆ ತಗಡು ಬಿರಿಯುತ್ತದೆ. ಆದ್ದರಿಂದ ಮರವೇ ಆಗಬೇಕು, ಕೈಯೇ ಆಗಬೇಕು, ತಾಳ್ಮೆಯೇ ಆಗಬೇಕು. ಮೊದಲಿನ ಎರಡು ಅವಳ ಹತ್ತಿರ ಇದ್ದವು. ಮೂರನೆಯದು ಈಚೆಗೆ ತಳ ಕಂಡಿತ್ತು.

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಕೆಲಸ ಒಂದೇ. ಬೇರೆ ಬೇರೆ ಮೃಗಾಲಯಗಳಿಂದ, ಕಾಡುಗಳಿಂದ ಕಪಿಗಳ ರಕ್ತವೋ ಕೂದಲೋ ಬರುತ್ತಿತ್ತು. ಅದರಿಂದ ಡಿಎನ್‌ಎ ಬಿಡಿಸಿ ತೆಗೆದು, ಕಿರುಬೆರಳಿನಷ್ಟು ಟ್ಯೂಬಿಗೆ ತುಂಬಿ, ಸಂಖ್ಯೆ ಬರೆದು, ಓದುವ ಯಂತ್ರಕ್ಕೆ ಕೊಡಬೇಕು. ಯಂತ್ರ ಓದುವ ಬರಹದಲ್ಲಿ ಇರುವುದು ನಾಲ್ಕೇ ಅಕ್ಷರ, ಆದರೆ ಬರಹದ ಉದ್ದ ಸುಮಾರು ಮುನ್ನೂರು ಕೋಟಿ ಅಕ್ಷರ. ಎರಡು ಕಪಿಗಳ ಬರಹವನ್ನು ಪಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ನೋಡುತ್ತ ಹೋದರೆ, ಇವೆರಡಕ್ಕೂ ಒಬ್ಬಳೇ ಮುತ್ತಜ್ಜಿ ಇದ್ದದ್ದು ಎಷ್ಟು ಲಕ್ಷ ವರ್ಷಗಳ ಹಿಂದೆ ಎಂದು ಹೇಳಬಹುದು. ಹೇಳುವುದು ದೊಡ್ಡವರ, ಎಂದರೆ ಪ್ರಯೋಗಾಲಯದ ಮುಖ್ಯಸ್ಥರ, ಕೆಲಸ. ಟ್ಯೂಬು ಬದಲಾಗದ ಹಾಗೆ ನೋಡಿಕೊಳ್ಳುವುದು ಅಕ್ಕನ ಕೆಲಸ.

ಏಪ್ರನ್ನಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಒದ್ದೆಗೈಯಲ್ಲಿ ಎತ್ತಿಕೊಳ್ಳಲಾರದೆ ಅದನ್ನು ಮೇಜಿನ ಮೇಲಿಟ್ಟು, ಗಟ್ಟಿಯಾಗಿ ಕೇಳುವ ಹಾಗೆ ಗುಂಡಿ ಒತ್ತಿದಳು. ಮನೆಯಿಂದ ಅವಳ ಅತ್ತೆ. ಎಂಬತ್ತನಾಲ್ಕು ವರ್ಷ, ಮಂಡಿ ಎರಡೂ ಹೋಗಿವೆ, ಬಾಯಿಗೆ ಏನೂ ಆಗಿಲ್ಲ.

"ಹೋಯ್ತೇನೇ ಕಾಗದ?"

"ಇಲ್ಲ ಅತ್ತೆ."

"ಇವತ್ತು ಮಂಗಳವಾರ."

"ಗೊತ್ತು ಅತ್ತೆ."

"ಶುಕ್ರವಾರ ಲಾರಿ ಬರುತ್ತೆ ಅಂದಿದ್ದೆ."

"ನಾನೇ ಅಂದಿದ್ದು ಅತ್ತೆ. ನನಗೇ ಹೇಳ್ತೀರಲ್ಲ."

"ಐವತ್ತು ಲಕ್ಷ ವರ್ಷದ ಹಿಂದೆ ಯಾವ ಕೋತಿ ಯಾವ ಕೋತಿಗೆ ನೆಂಟ ಅಂತ ಹೇಳೋ ಮಹಾನುಭಾವರು, ಅತ್ತೆ ಯಾರು ಅಂತ ಗೊತ್ತಾಗದೆ ಎಡವಿಬಿದ್ರಲ್ಲೇ! ಬಿದ್ದೋರು ಎದ್ದು ಮೈ ಒರೆಸ್ಕೊಳ್ಳೋಕೆ ಐದು ತಿಂಗಳಾ?"

"ಕೋತಿ ಅಲ್ಲ ಅತ್ತೆ, ಗಿಬ್ಬನ್. ಬಾಲ ಇರಲ್ಲ."

"ಬಾಲ ಇಲ್ಲದಿದ್ರೆ ಬೇಡ ಬಿಡು, ಬುದ್ಧಿ ಇದ್ದಿದ್ರೆ ಸಾಕಿತ್ತು. ಗಿಬ್ಬನ್ನಿಗಲ್ಲ ಕಣೇ, ನಿಮ್ಮ ದೊಡ್ಡವರಿಗೆ ಅಂದಿದ್ದು." ಫೋನು ಕಟ್ಟಾಯಿತು. ಅತ್ತೆ ಎಂದೂ 'ಇಡ್ತೀನಿ' ಎಂದು ಹೇಳಿದವಳಲ್ಲ.

ಮಂಜುಗಡ್ಡೆಯ ಒಂದು ಚಪ್ಪಡಿ ಕಿತ್ತುಬಂದು ಟವಲಿನ ಮೇಲೆ ದೊಪ್ಪೆಂದಿತು.

ನಡೆದದ್ದು ಇಷ್ಟು. ಮೂರು ವರ್ಷದ ಹಿಂದೆ ದೊಡ್ಡವರು ಗಿಬ್ಬನ್ನುಗಳ ವಂಶವೃಕ್ಷಕ್ಕೆ ಕೈಹಾಕಿದರು. ಅದು ಹಳೆಯ ಗೋಜಲು. ಗಿಬ್ಬನ್ನಿನಲ್ಲಿ ನಾಲ್ಕು ಬಳಗ. ನಾಲ್ಕೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೇರೆಯಾದವು. "ಒಂದೇ ಬೆಳಗ್ಗೆ ಮನೆ ಬಿಟ್ಟು ಹೋದ ನಾಲ್ಕು ಜನ ಅಣ್ಣತಮ್ಮಂದಿರ ಹಾಗೆ ಅಕ್ಕಾ. ಹೋದದ್ದು ನಿಜ, ಹೊಸ್ತಿಲು ಮೊದಲು ದಾಟಿದ್ದು ಯಾರು ಅಂತ ಕೇಳಿದ್ರೆ ಮಾತ್ರ ಒಬ್ಬೊಬ್ಬ ನೆರೆಯವನು ಒಂದೊಂದು ಹೇಳ್ತಾನೆ," ಎನ್ನುತ್ತಿದ್ದರು ದೊಡ್ಡವರು. ಮಾತು ಅವರಿಗೆ ಒಲಿದಿತ್ತು. ಮೂವತ್ತೆಂಟು ಗಿಬ್ಬನ್ನುಗಳ ಕೂದಲು ತರಿಸಿದರು. ಹನ್ನೊಂದನೆಯದೂ ಹನ್ನೆರಡನೆಯದೂ ಊರಿನ ಮೃಗಾಲಯದ ಜೋಡಿ, ಒಂದು ಹೆಣ್ಣು ಒಂದು ಗಂಡು. ಪ್ರತಿ ಕೂದಲಿನ ಜೊತೆ ಒಂದು ನಮೂನೆ ಬರುತ್ತಿತ್ತು, ಅದರಲ್ಲಿ ಪ್ರಾಣಿಯ ಹೆಸರು, ವಯಸ್ಸು, ಎಲ್ಲಿಂದ ಬಂದದ್ದು, ಜೊತೆಯ ಪ್ರಾಣಿಗೆ ಏನು ಸಂಬಂಧ ಎಂದು ಮನೆಗಳಿದ್ದವು. ಹನ್ನೊಂದರ ಹೆಸರು 'ಅತ್ತೆ'. ಹನ್ನೆರಡರ ಹೆಸರು 'ಅಳಿಯ'.

ಪ್ರಬಂಧ ಅಚ್ಚಾಗಿ ಬಂದಾಗ ಅದರ ಪಟ್ಟಿಯಲ್ಲಿ ಹನ್ನೊಂದು ಹನ್ನೆರಡಕ್ಕೆ ತಂದೆಯ ತಂಗಿ ಎಂದಿತ್ತು. ಆದರೆ ಅಕ್ಕ ತೆಗೆದುಕೊಟ್ಟ ಡಿಎನ್‌ಎ ಬೇರೆ ಹೇಳುತ್ತಿತ್ತು. ತಂದೆಯ ತಂಗಿಯಾದರೆ ಕಾಲುಭಾಗವಾದರೂ ಹೊಂದಬೇಕು, ಇಲ್ಲಿ ಊರಿನ ಈ ತುದಿಯವರಿಗೂ ಆ ತುದಿಯವರಿಗೂ ಇರುವಷ್ಟೇ ನಂಟು. ಪಟ್ಟಿ ಸರಿ, ಡಿಎನ್‌ಎ ತಪ್ಪು ಎಂದು ತೀರ್ಮಾನವಾಯಿತು. ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: 'ಹನ್ನೊಂದನೆಯ ಮಾದರಿ: ಪ್ರಯೋಗಾಲಯದಲ್ಲಿ ಟ್ಯೂಬು ಅದಲುಬದಲಾಗಿರುವ ಸಂಭವ, ಕೈಬಿಡಲಾಗಿದೆ.'

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬುದನ್ನು ಅಕ್ಕ ಕೇಳಿದ್ದಳು. ಅತ್ತೆ ಮೇಲಿನ ತಪ್ಪು ಟ್ಯೂಬಿನ ಮೇಲೆ ಬಂದದ್ದನ್ನು ಅವತ್ತು ಕಂಡಳು. ಆ ಸಾಲನ್ನು ಅವಳು ನಿಂತುಕೊಂಡೇ ಓದಿ, ಕೂತು ಇನ್ನೊಮ್ಮೆ ಓದಿದಳು. ಯಾರನ್ನೂ ಏನೂ ಕೇಳಲಿಲ್ಲ. ಸಣ್ಣಕ್ಷರ, ಯಾರು ನೋಡುತ್ತಾರೆ ಎಂದುಕೊಂಡಳು.

ನೋಡುವವರು ಇದ್ದರು. ಹಲವು ದೇಶಗಳ ಮೃಗಾಲಯಗಳು ಸೇರಿ ಮಾಡಿಕೊಂಡ ಒಂದು ಸಮಿತಿ ಇದೆ. ಅಪರೂಪದ ಪ್ರಾಣಿಗಳಲ್ಲಿ ಯಾವ ಹೆಣ್ಣಿಗೆ ಯಾವ ಗಂಡು ಎಂದು ಗೊತ್ತುಮಾಡುವುದು ಅದರ ಕೆಲಸ. ಪ್ರಯೋಗಾಲಯದವರು ಅದನ್ನು ಮದುವೆ ದಲ್ಲಾಳಿಗಳ ಸಮಿತಿ ಎನ್ನುತ್ತಿದ್ದರು. ಸಮಿತಿ ಪಟ್ಟಿ ಓದಿತು. ಹತ್ತಿರದ ರಕ್ತ, ಜೋಡಿ ಇರಕೂಡದು, ಕೂಡಲೇ ಬೇರೆ ಇಡಿ, ಗಂಡನ್ನು ದೂರದ ಇನ್ನೊಂದು ಮೃಗಾಲಯಕ್ಕೆ ಸಾಗಿಸಿ ಎಂದು ಬರೆಯಿತು. ಆರು ವರ್ಷ ಒಟ್ಟಿಗಿದ್ದ ಜೋಡಿಯ ನಡುವೆ ಎರಡು ಗೋಡೆ ಬಂತು.

ಆಗ ಬಂದವನು ಬೀಗದಣ್ಣ. ಮೃಗಾಲಯದ ಕಪಿಮನೆ ನೋಡಿಕೊಳ್ಳುವವನು. ಸೊಂಟದಲ್ಲಿ ಹದಿನೆಂಟು ಬೀಗದಕೈ ತೂಗಿಹಾಕಿಕೊಂಡು ಓಡಾಡುವುದರಿಂದ ಆ ಹೆಸರು. ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಅಕ್ಕಾ, ನಿಮ್ಮ ಮೆಷೀನು ನಮ್ಮತ್ತೇನ ಯಾರ ತಂಗಿ ಮಾಡಿತು?" ಎಂದು ಜಗಳಕ್ಕೇ ಬಂದಿದ್ದ.

"ನೀನೇ ಬರೆದುಕೊಟ್ಟಿದ್ದಲ್ಲಪ್ಪ, ಅತ್ತೆ ಅಂತ."

"ಅದು ಹೆಸರು! ನಮ್ಮ ಮನೇಲಿ ಹೆಂಡತಿ ತಾಯಿ ಇದಾಳೆ. ತಟ್ಟೆ ಇಟ್ರೆ ಬೆನ್ನು ತಿರುಗಿಸಿ ಕೂತ್ಕೋತಾಳೆ, ನಾನು ಅತ್ತ ಹೋದ್ಮೇಲೆ ತಿಂತಾಳೆ. ಈ ಗಿಬ್ಬನ್ನೂ ಹಂಗೇ. ಅದಕ್ಕೇ ಅತ್ತೆ ಅಂದೆ. ಆಮೇಲೆ ಗಂಡು ಬಂತು. ಹೊಸದಾಗಿ ಮದುವೆ ಆದೋನು ಹೆಂಡತಿ ಮನೆಗೆ ಬಂದ ಹಾಗೆ ಎರಡು ದಿನ ಬಾಗಿಲ ಹತ್ರವೇ ಮುದುರಿ ಕೂತಿತ್ತು. ಅಳಿಯ ಅಂದೆ. ಮುಗೀತಲ್ಲ?"

"ಜೋಡಿಗೆ ಯಾರಾದ್ರೂ ಅತ್ತೆ ಅಳಿಯ ಅಂತ ಹೆಸರಿಡ್ತಾರೇನೋ ಮಹಾರಾಯ!"

"ಹೆಸರಿಡುವಾಗ ಜೋಡಿ ಆಗಿರಲಿಲ್ಲ ಅಕ್ಕಾ. ಆಮೇಲೆ ಆದ್ರು. ಆಗ ಬದಲಾಯಿಸೋಕಾಗುತ್ತಾ? ಕರೆದ್ರೆ ಬರೋದು ಕಲಿತುಬಿಟ್ಟಿದ್ವು."

ಅಕ್ಕ ನಗಲಿಲ್ಲ. ನಗು ಮನೆಗೆ ಹೋದ ಮೇಲೆ ಬಂತು. ಅವತ್ತೇ ಅವನಿಂದ ಹೊಸದಾಗಿ ಕೂದಲು ತರಿಸಿಕೊಂಡಳು. ಒಂದಲ್ಲ, ಮೂರು ಸಲ ಮೊದಲಿಂದ ಮಾಡಿದಳು. ಮೂರು ಸಲವೂ ಹಳೆಯ ಟ್ಯೂಬು ಹೇಳಿದ್ದೇ ಬಂತು, ಅತ್ತೆಗೂ ಅಳಿಯನಿಗೂ ರಕ್ತ ಸಂಬಂಧವಿಲ್ಲ. ದೊಡ್ಡವರ ಮುಂದೆ ಇಟ್ಟಳು. ಅವರು ಕನ್ನಡಕ ತೆಗೆದು ಹಾಕಿ, "ಹೌದಲ್ಲ," ಎಂದರು. "ತಿದ್ದುಪಡಿಯ ಕಾಗದ ಬರೆಯಬೇಕು. ಸಮಿತಿಗೆ ಒಂದು, ಪತ್ರಿಕೆಗೆ ಒಂದು. ನಾಳೆಯೇ ಬರೀತೀನಿ," ಎಂದರು.

ಆ ನಾಳೆ ಐದು ತಿಂಗಳಾದರೂ ಬಂದಿರಲಿಲ್ಲ. ಬರೆಯಲಿಲ್ಲ ಎನ್ನುವ ಹಾಗೂ ಇಲ್ಲ, ದಿನಾ ಬರೆಯುತ್ತಿದ್ದರು. ಮೊದಲನೆಯ ಕರಡಿನಲ್ಲಿ 'ತಪ್ಪು' ಎಂದಿತ್ತು, ಅದು ಭಾರವಾಯಿತೆಂದು 'ದೋಷ' ಮಾಡಿದರು, ಅದು ಕಾಯಿಲೆಯ ಹಾಗೆ ಕೇಳುತ್ತದೆಂದು 'ಲೋಪ' ಮಾಡಿದರು. ಇಂಗ್ಲಿಷಿನಲ್ಲಿ ಇವಕ್ಕೆ ಸರಿಯಾದ್ದು ಯಾವುದೆಂದು ಮೂರು ನಿಘಂಟು ತೆಗೆದರು. ಒಂದು ಅಲ್ಪವಿರಾಮ ಒಂಬತ್ತು ದಿನ ಒಳಗೆ ಹೊರಗೆ ಓಡಾಡಿತು. ಅಕ್ಕ ವಾರಕ್ಕೆರಡು ಸಲ ಬಾಗಿಲಲ್ಲಿ ತಲೆ ಹಾಕಿ "ಸರ್, ಆ ಕಾಗದ?" ಎನ್ನುವಳು. ಅವರು, "ಆಗ್ತಾ ಬಂತು ಅಕ್ಕಾ. ಆ ಹುಡುಗಿ ಆತುರಪಟ್ಟು ಪಟ್ಟಿ ತುಂಬಿ ಹೋದಳು, ಅವಳು ಕೊಳೆ ಮಾಡಿದ್ದನ್ನ ನಾವು ತೊಳೀಬೇಕು," ಎನ್ನುವರು. ಆ ಹುಡುಗಿ ಎಂದರೆ ಆಗ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು. ಈಗ ಬೇರೆಲ್ಲೋ ಕೆಲಸ ಸಿಕ್ಕಿ ಹೋಗಿದ್ದಳು. ಹೋದವರ ಮೇಲೆ ಎಷ್ಟು ಬೇಕಾದರೂ ಹೊರಿಸಬಹುದು, ಅವರು ತಿರುಗಿ ನೋಡುವುದಿಲ್ಲ.

ಕಾರಿಡಾರಿನಲ್ಲಿ ಬೀಗದಕೈಗಳ ಸದ್ದಾಯಿತು. ಅಕ್ಕ ತಿರುಗದೆಯೇ, "ಬಂದೆಯಾ? ಕಾಗದ ಹೋಗಿಲ್ಲ, ಕೇಳಬೇಡ," ಎಂದಳು.

"ಕೇಳಲ್ಲ ಅಕ್ಕಾ. ಹೇಳೋಕೆ ಬಂದೆ." ಬೀಗದಣ್ಣ ಒಳಗೆ ಬರಲಿಲ್ಲ, ಟವಲಿನಿಂದಾಚೆ ಹರಿದ ನೀರು ತುಳಿಯದ ಹಾಗೆ ಬಾಗಿಲಲ್ಲೇ ನಿಂತ. "ಪೆಟ್ಟಿಗೆ ಬಂದಿದೆ. ಸಾಗಿಸೋ ಪೆಟ್ಟಿಗೆ. ಹೋದ ವಾರವೇ ಅವನ ಗೂಡೊಳಗೆ ಇಟ್ಟಿದೀವಿ, ಬಾಗಿಲು ತೆಗೆದು. ತಿನ್ನೋಕೆ ಅದರೊಳಗೇ ಇಡ್ಬೇಕು, ಅಭ್ಯಾಸ ಆಗ್ಲಿ ಅಂತ. ಮೂರು ದಿನ ಮುಟ್ಟಲಿಲ್ಲ. ನಿನ್ನೆ ನಾನು ಅದರ ಹತ್ರ ಕೂತು, ಬಾರೋ ಅಳಿಯಾ ಬಾರೋ ಅಂದೆ. ಒಳಗೆ ಹೋಗಿ ತಿಂದ."

ಅಕ್ಕ ಸಟ್ಟುಗ ನಿಲ್ಲಿಸಿದಳು.

"ನಾನೇ ಕಲಿಸ್ದೆ ಅಕ್ಕಾ."

"ಅವಳು?"

"ಅವಳೇನು. ಬೆಳಗ್ಗೆ ಇವನು ಅರ್ಧ ಕೂಗಿ ನಿಲ್ಲಿಸ್ತಾನೆ. ಮಿಕ್ಕರ್ಧ ಅವಳು ಕೂಗ್ಬೇಕು, ಅವುಗಳ ಪದ್ಧತಿ ಅದು, ಜೋಡಿ ಹಾಡು. ಅವಳು ಕೂಗಲ್ಲ. ಬೆನ್ನು ತಿರುಗಿಸಿ ಕೂತಿರ್ತಾಳೆ. ಮೊದಲು ನನಗೆ ಬೆನ್ನು ಹಾಕ್ತಿದ್ಲು, ಈಗ ಎಲ್ಲರಿಗೂ." ಅವನು ಬೀಗದಕೈಗಳನ್ನು ಕೈಯಲ್ಲಿ ಹಿಡಿದು ಸದ್ದು ನಿಲ್ಲಿಸಿದ. "ಗುರುವಾರ ಸಮಿತಿ ಕೂತು ಕೊನೇ ಪಟ್ಟಿಗೆ ಸಹಿ ಹಾಕುತ್ತಂತೆ. ಕಾಗದ ನಾಳೆ ಸಂಜೆಯೊಳಗೆ ಅವರ ಕಚೇರಿಗೆ ಮುಟ್ಟಬೇಕು. ಮೇಲ್ ಮಾಡಿದ್ರೆ ಒಪ್ಪಲ್ಲ, ಸಹಿ, ಮೊಹರು, ರವಾನೆ ನಂಬರು ಎಲ್ಲ ಇರ್ಬೇಕಂತೆ. ನಾನೇ ಕೈಯಲ್ಲಿ ತಗೊಂಡು ಹೋಗಿ ಕೊಡ್ತೀನಿ ಅಂದ್ರೆ, ನೀನ್ಯಾರಯ್ಯಾ ಅಂದ್ರು."

"ಮೂರೂವರೆ ಟಪಾಲು ವ್ಯಾನಿಗೆ ಬಿದ್ರೆ ನಾಳೆ ಮುಟ್ಟುತ್ತೆ," ಎಂದಳು ಅಕ್ಕ.

"ಅದನ್ನೇ ಹೇಳೋಕೆ ಬಂದಿದ್ದು," ಎಂದು ಅವನು ಹೋದ. ಇಷ್ಟು ತಣ್ಣಗೆ ಮಾತಾಡಿ ಅವನು ಎಂದೂ ಹೋದದ್ದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಫ್ರೀಜರು ಹಾಗೇ ಬಿಟ್ಟು ಹೋಗುವಂತಿರಲಿಲ್ಲ. ಪಕ್ಕದ ಫ್ರೀಜರಿನಲ್ಲಿ ತುರುಕಿಟ್ಟಿದ್ದ ಡಬ್ಬಿಗಳು ಹೆಚ್ಚು ಹೊತ್ತು ತಡೆಯುವುದಿಲ್ಲ. ಸಿಟ್ಟನ್ನೆಲ್ಲ ಕೈಗೆ ಇಳಿಸಿಕೊಂಡು ಕೊನೆಯ ಅರೆಯನ್ನು ಕೆರೆದಳು. ಅಲ್ಲಿ ಮೂಲೆಯಲ್ಲಿ ಮಂಜಿನೊಳಗೆ ಒಂದು ಪ್ಲಾಸ್ಟಿಕ್ ಲಕೋಟೆ ಹೂತುಕೊಂಡಿತ್ತು. ಗಿಬ್ಬನ್ನುಗಳ ಡಬ್ಬಿಯ ತಳಕ್ಕೆ ಅಂಟಿ ಉಳಿದದ್ದಿರಬೇಕು. ಒಳಗೆ ಮೃಗಾಲಯದಿಂದ ಬಂದ ಮೂಲ ನಮೂನೆಗಳು. ಕಚೇರಿಯ ಕಡತದಲ್ಲಿ ಇದ್ದದ್ದು ಟೈಪು ಮಾಡಿದ ಪ್ರತಿ, ಇವು ಎಲ್ಲಿ ಹೋದವೆಂದು ಯಾರಿಗೂ ಗೊತ್ತಿರಲಿಲ್ಲ.

ಲಕೋಟೆಯನ್ನು ಸೀರೆಯ ಸೆರಗಿನಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ಹನ್ನೊಂದು. ಬೀಗದಣ್ಣನ ದುಂಡು ದುಂಡು ಅಕ್ಷರ. ಹೆಸರು ಎಂಬ ಮನೆಯಲ್ಲಿ 'ಅತ್ತೆ'. ಸಂಬಂಧ ಎಂಬ ಮನೆಯಲ್ಲಿ ಅವನು ಏನೂ ಬರೆದಿರಲಿಲ್ಲ, ಖಾಲಿ ಬಿಟ್ಟಿದ್ದ. ಆದರೆ ಅದು ಖಾಲಿ ಇರಲಿಲ್ಲ. ಹೆಸರಿನ ಮನೆಯಿಂದ ಸಂಬಂಧದ ಮನೆಗೆ ಕೆಂಪು ಪೆನ್ಸಿಲಿನ ಒಂದು ಬಾಣ, ಬಾಣದ ತುದಿಯಲ್ಲಿ 'ತಂದೆಯ ತಂಗಿ', ಅದರ ಕೆಳಗೆ ಎರಡು ಗೆರೆ.

ಆ ಕಟ್ಟಡದಲ್ಲಿ ಕೆಂಪು ಪೆನ್ಸಿಲು ಇಟ್ಟುಕೊಂಡವರು ಒಬ್ಬರೇ. ಎರಡು ಗೆರೆ ಎಳೆಯುವವರೂ ಒಬ್ಬರೇ. ಆ ಹುಡುಗಿ ಎದುರಿಗಿದ್ದದ್ದನ್ನು ಇದ್ದ ಹಾಗೆ ಟೈಪು ಮಾಡಿದ್ದಳು, ಅಷ್ಟೇ.

ಅಕ್ಕ ನಮೂನೆಯನ್ನು ಜೇಬಿಗೆ ಹಾಕಿಕೊಂಡಳು. ಫ್ರೀಜರು ಒರೆಸಿದಳು, ಸ್ವಿಚ್ಚು ಹಾಕಿದಳು, ಅದು ಗುಂಯ್‌ಗುಟ್ಟುವವರೆಗೆ ಕಾದಳು, ಟವಲುಗಳನ್ನು ಹಿಂಡಿ ಹರವಿದಳು.

ದೊಡ್ಡವರ ಕೋಣೆಯಲ್ಲಿ ಒಂದು ಗೋಡೆಯ ತುಂಬ ವಂಶವೃಕ್ಷದ ಚಿತ್ರ, ಇನ್ನೊಂದು ಗೋಡೆಯ ತುಂಬ ಪುಸ್ತಕ. ಮೇಜಿನ ಮೇಲೆ ಕರಡುಗಳನ್ನು ಕ್ರಮವಾಗಿ ಜೋಡಿಸಿದ್ದರು. ಮೇಲಿನದರ ಮೂಲೆಯಲ್ಲಿ ಹದಿನೇಳು ಎಂದಿತ್ತು.

"ಬನ್ನಿ ಅಕ್ಕಾ, ಒಳ್ಳೆ ಹೊತ್ತಿಗೆ ಬಂದ್ರಿ. ಕೊನೆಗೂ ದಾರಿ ಸಿಕ್ತು. ಕೇಳಿ: 'ತಾಂತ್ರಿಕ ಹಂತದಲ್ಲಿ ಆದ ಒಂದು ಸಣ್ಣ ಕೈತಪ್ಪಿನಿಂದಾಗಿ.' ಎಷ್ಟು ಸಲೀಸಾಗಿದೆ ನೋಡಿ. ಯಾರೂ ಎರಡನೇ ಪ್ರಶ್ನೆ ಕೇಳಲ್ಲ."

"ತಾಂತ್ರಿಕ ಹಂತ ಅಂದ್ರೆ ಯಾರು ಸರ್?"

"ಯಾರೂ ಅಲ್ಲ. ಹಂತ."

"ಆ ಹಂತದಲ್ಲಿ ಇಪ್ಪತ್ತಾರು ವರ್ಷದಿಂದ ನಾನೊಬ್ಬಳೇ ನಿಂತಿದೀನಿ ಸರ್."

ದೊಡ್ಡವರು ನಕ್ಕರು. ಕೆಟ್ಟ ಮನುಷ್ಯರಲ್ಲ. ಅಕ್ಕನ ಮಗಳ ಫೀಸಿಗೆ ಒಂದು ಸಲ ತಾವಾಗಿ ಕೇಳಿ ಸಹಾಯ ಮಾಡಿದ್ದರು, ಅವಳ ಗಂಡ ಆಸ್ಪತ್ರೆಯಲ್ಲಿದ್ದಾಗ ಎರಡು ವಾರ ಅವಳ ಪಾಲಿನ ಟ್ಯೂಬುಗಳನ್ನು ತಾವೇ ತೊಳೆದಿದ್ದರು. ಅದಕ್ಕೇ ಕಷ್ಟ. ಕೆಟ್ಟವರಾಗಿದ್ದರೆ ಎಂದೋ ಜಗಳವಾಡಿ ಮುಗಿಸಬಹುದಿತ್ತು.

"ನಿಮ್ಮ ಹೆಸರು ಎಲ್ಲೂ ಬರಲ್ಲ ಅಕ್ಕಾ. ನೀವು ಹೂಂ ಅನ್ನಿ, ಈಗಲೇ ಸಹಿ ಹಾಕ್ತೀನಿ. ಮೂರೂವರೆ ವ್ಯಾನಿಗೆ ಹೋಗುತ್ತೆ. ಜೋಡಿ ಉಳಿಯುತ್ತೆ."

ಗೋಡೆಯ ಗಡಿಯಾರದಲ್ಲಿ ಎರಡೂ ಐವತ್ತು. ಒಂದು ಹೂಂ. ಎಷ್ಟೋ ಹೂಂಗಳನ್ನು ಅವಳು ಈ ಕೋಣೆಯಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಅಂದು ಬಂದಿದ್ದಳು. ಇನ್ನೊಂದು ಅಂದರೆ ಬಾಯಿ ಸವೆಯುವುದಿಲ್ಲ. ಬಾಯಿ ತೆರೆದೂ ತೆರೆದಳು. ಆದರೆ ಟ್ಯೂಬುಗಳನ್ನು ಇಪ್ಪತ್ತಾರು ವರ್ಷ ಸಂಖ್ಯೆಯ ಪ್ರಕಾರ ಇಟ್ಟ ತಲೆ, ಒಂದರ ಹಿಂದೆ ಒಂದು ಯೋಚಿಸುವುದನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ.

"ಸರ್, ನನ್ನ ಕೈ ತಪ್ಪಿದೆ ಅಂತ ಬರೆದ್ರೆ, ಅವರು ಕೇಳಲ್ವಾ? ಆಮೇಲೆ ಮೂರು ಸಲ ಪರೀಕ್ಷೆ ಮಾಡಿದ ಕೈ ಯಾವುದು ಅಂತ?"

"ಅಂದ್ರೆ?"

"ಅದೇ ಕೈ ಅಲ್ವಾ ಸರ್. ಒಂದು ಸಲ ತಪ್ಪಿದ ಕೈ ಮೂರು ಸಲ ತಪ್ಪಿರಬಹುದು ಅಂತಾರೆ. ಇನ್ನೊಂದು ಪ್ರಯೋಗಾಲಯದಲ್ಲಿ ಮಾಡಿಸಿ ಅಂತಾರೆ. ಅಷ್ಟರಲ್ಲಿ ಲಾರಿ ಬಂದು ಹೋಗಿರುತ್ತೆ."

ದೊಡ್ಡವರು ಹದಿನೇಳನೆಯ ಕರಡನ್ನು ನೋಡಿದರು. ಪ್ರಪಂಚದ ಎಲ್ಲ ಪದಗಳನ್ನೂ ತೂಗಿ ನೋಡಿದವರಿಗೆ ಇದು ಹೊಳೆದಿರಲಿಲ್ಲ.

"ಮತ್ತೆ ಏನು ಬರೀಲಿ ಹೇಳಿ!" ಅವರ ದನಿ ಏರಿತು. "ಇಂಗ್ಲಿಷಲ್ಲಿ ಬರೀಬೇಕಾದ್ರೆ ಯಾವ ಅತ್ತೆ ಅಂತ ಬಿಡಿಸಿ ಹೇಳ್ಬೇಕು. ಅಪ್ಪನ ತಂಗಿನೂ ಅತ್ತೆ, ಮಾವನ ಹೆಂಡತಿನೂ ಅತ್ತೆ, ಗಂಡನ ತಾಯಿನೂ ಅತ್ತೆ, ಹೆಂಡತಿ ತಾಯಿನೂ ಅತ್ತೆ. ಇದನ್ನೆಲ್ಲ ಹತ್ತು ದೇಶದ ವಿಜ್ಞಾನಿಗಳಿಗೆ ವಿವರಿಸ್ತಾ ಕೂರಲಾ? ನೆಂಟಸ್ತಿಕೆ ಹುಡುಕೋದೇ ಕಸುಬಾದ ಪ್ರಯೋಗಾಲಯ ಒಂದು ಅತ್ತೆ ಮುಂದೆ ಮುಗ್ಗರಿಸಿತು ಅಂತ ಬರೀಲಾ? ನಗ್ತಾರೆ ಅಕ್ಕಾ."

"ನಗ್ಲಿ ಸರ್. ನಮ್ಮನೇಲಿ ಐದು ತಿಂಗಳಿಂದ ನಗ್ತಿದಾರೆ, ಏನಾಯ್ತು?"

"ಎಲ್ಲ ಆ ಹುಡುಗಿಯಿಂದ. ಖಾಲಿ ಇದ್ದ ಮನೇನ ಖಾಲಿ ಬಿಟ್ಟಿದ್ರೆ..."

ಅಲ್ಲಿಯವರೆಗೆ ಅದನ್ನು ತೆಗೆಯಬೇಕೋ ಬೇಡವೋ ಎಂದು ಅಕ್ಕನಿಗೇ ಗೊತ್ತಿರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ನಮೂನೆಯನ್ನು ಕರಡುಗಳ ಮೇಲಿಟ್ಟು, ಅದರ ಒದ್ದೆ ಅಂಚನ್ನು ಬೆರಳಿನಿಂದ ನೇರ ಮಾಡಿದಳು.

ದೊಡ್ಡವರು ಬಗ್ಗಿ ನೋಡಿದರು. ಬಾಣ ನೋಡಿದರು, ಎರ‌ಡು ಗೆರೆ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು, ಅದರ ಒಂದು ಚಕ್ರ ಕಿರುಚುತ್ತ ಕಾರಿಡಾರಿನ ಕೊನೆಯವರೆಗೆ ಹೋಯಿತು.

"ಎಲ್ಲಿತ್ತು ಇದು?"

"ಫ್ರೀಜರಲ್ಲಿ."

"ನನಗೆ ನೆನಪಿತ್ತು ಅಕ್ಕಾ," ಎಂದರು ಆಮೇಲೆ. ದನಿ ಇಳಿದಿತ್ತು. "ನೀವು ಮೂರು ಪರೀಕ್ಷೆ ಮಾಡಿ ತಂದು ಇಟ್ರಲ್ಲ, ಅವತ್ತೇ ನೆನಪಾಯ್ತು." ನಮೂನೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನನ್ನನ್ನ ಸಾಕಿದ್ದು ನಮ್ಮತ್ತೆ. ಅಪ್ಪನ ತಂಗಿ. ನನಗೆ ಎರಡು ವರ್ಷ ಇದ್ದಾಗಿಂದ. ನಮ್ಮ ಮನೇಲಿ ಇನ್ನೊಬ್ಬ ಹೆಂಗಸು ಇರಲಿಲ್ಲ. ನನಗೆ ಮದುವೆ ಅಂತ ಆಗಲಿಲ್ಲ, ಬೇರೆ ಅತ್ತೆ ಬರಲಿಲ್ಲ. ಆ ಮಾತಿಗೆ ಬೇರೆ ಅರ್ಥ ಇದೆ ಅಂತ ಗೊತ್ತಿರಲಿಲ್ಲ ಅಂತಲ್ಲ. ಕೈಯಲ್ಲಿ ಪೆನ್ಸಿಲು ಇದ್ದಾಗ ಹೊಳೀಲಿಲ್ಲ, ಅಷ್ಟೇ. ಕೇಳಬಹುದಿತ್ತು, ಆ ಬೀಗದವನನ್ನ. ಕೇಳೋ ಅಂಥದ್ದು ಏನಿದೆ ಅನ್ನಿಸ್ತು."

ಅಕ್ಕನಿಗೆ ಕನಿಕರ ಬಂತು. ಕನಿಕರ ಬಂದದ್ದಕ್ಕೆ ಇನ್ನಷ್ಟು ರೇಗಿತು. ಇದೇ ಮಾತನ್ನು ಐದು ತಿಂಗಳ ಹಿಂದೆ ಹೇಳಿದ್ದರೆ ಒಂದು ಲೋಟ ಚಹಾದಲ್ಲಿ ಮುಗಿಯುತ್ತಿತ್ತು. ಒಂದು ಪೆಟ್ಟಿಗೆ ಬರುತ್ತಿರಲಿಲ್ಲ. ಒಬ್ಬ ಮನುಷ್ಯ ಅದರ ಪಕ್ಕ ಕೂತು ಬಾರೋ ಅಳಿಯಾ ಎಂದು ಕರೆಯಬೇಕಾಗುತ್ತಿರಲಿಲ್ಲ.

"ಸರ್, ಮೂರು ಗಂಟೆ," ಎಂದಳು. "ಆ ಹದಿನೇಳನ್ನೂ ಪಕ್ಕಕ್ಕಿಡಿ. ಹೊಸ ಹಾಳೆ ತಗೊಳ್ಳಿ."

"ಆದರೆ ಆ ಮಾತನ್ನ ಇಂಗ್ಲಿಷಿಗೆ..."

"ಯಾಕೆ ಸರ್ ಇಂಗ್ಲಿಷಿಗೆ? ಅದು ಹೆಸರು. ನನ್ನ ಹೆಸರನ್ನ ಯಾರಾದ್ರೂ ಇಂಗ್ಲಿಷಿಗೆ ಮಾಡ್ತಾರಾ? ಅತ್ತೆ ಅನ್ನೋದು ಈ ಪ್ರಾಣಿಯ ಹೆಸರು. ಅದನ್ನ ಸಂಬಂಧ ಅಂತ ಓದಲಾಯ್ತು. ಪರೀಕ್ಷೆ ಸರಿ ಇದೆ, ಪಟ್ಟಿ ತಪ್ಪು, ಜೋಡಿಗೆ ರಕ್ತ ಸಂಬಂಧ ಇಲ್ಲ. ಇನ್ನೇನು ಬೇಕು?"

"ಇಷ್ಟೇನಾ?"

"ಇಷ್ಟೇ."

ಅವರು ಬರೆದರು. ನಾಲ್ಕು ಸಾಲು ಆಯಿತು. ಬರೆಯುವಾಗ ಒಂದೇ ಕಡೆ ಪೆನ್ನು ನಿಂತಿತು. ಅಕ್ಕನಿಗೆ ಇಂಗ್ಲಿಷು ಓದಲು ಬರುತ್ತಿತ್ತು, ತಲೆಕೆಳಗಾಗಿ ಓದಲೂ ಬರುತ್ತಿತ್ತು. 'ನಾವು ತಪ್ಪಾಗಿ ಓದಿದೆವು' ಎಂದಿತ್ತು. ಅವಳು ಗಡಿಯಾರವನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ಕಿಟಕಿಯಾಚೆ ನೋಡುತ್ತ ನಿಂತಳು. ದೊಡ್ಡವರು 'ನಾವು' ಎಂಬುದನ್ನು ಹೊಡೆದುಹಾಕಿ ಅದರ ಮೇಲೆ 'ನಾನು' ಎಂದು ಬರೆದರು. ಹೊಡೆದದ್ದು ಕಾಣಬಾರದೆಂದು ಇನ್ನೊಂದು ಹಾಳೆ ತೆಗೆದುಕೊಳ್ಳಲು ಕೈ ಚಾಚಿದರು.

"ಬೇಡ ಸರ್," ಎಂದಳು ಅಕ್ಕ. "ಟೈಪಾದ್ರೆ ಹೊಡೆದದ್ದು ಕಾಣಲ್ಲ. ಕೊಡಿ."

ಟೈಪು ಮಾಡಿದ್ದೂ ಅವಳೇ. ಅವರು ಸಹಿ ಹಾಕಿದರು, ಸಹಿಯ ಕೆಳಗೆ ಮಾತ್ರ ಅಭ್ಯಾಸಬಲದಿಂದ ಎರಡು ಗೆರೆ ಎಳೆದರು. ಮೊಹರು ಒಣಗಿರಲಿಲ್ಲ, ಲಕೋಟೆಯ ಮೇಲೆ ಊದುತ್ತ ಅಕ್ಕ ಮೆಟ್ಟಿಲಿಳಿದಳು.

ರವಾನೆ ಕೋಣೆಯ ಗುಮಾಸ್ತ ತೆರೆದ ರಿಜಿಸ್ಟರಿನ ಮೇಲೆ ಗಲ್ಲ ಊರಿಕೊಂಡು ಕೂತಿದ್ದ. ಮೂರು ಇಪ್ಪತ್ತು. ಹೊರಗೆ ವ್ಯಾನಿನ ಇಂಜಿನು ಆಗಲೇ ಶುರುವಾಗಿತ್ತು.

"ನಾಳೆ ಬನ್ನಿ ಅಕ್ಕಾ. ಚೀಲ ಕಟ್ಟಾಯ್ತು."

"ಬಿಚ್ಚು."

"ಕಟ್ಟಿದ ಚೀಲ ಬಿಚ್ಚೋ ಹಾಗಿಲ್ಲ."

"ಅಪ್ಪಾ, ನಾನು ಬೆಳಗ್ಗೆಯಿಂದ ಐಸು ಕೆರೆದಿದೀನಿ. ನನ್ನ ಬಾಯಿಂದ ಇನ್ನೇನೂ ಬರಿಸ್ಬೇಡ."

ಗುಮಾಸ್ತ ಅವಳ ಮುಖ ನೋಡಿ ರಿಜಿಸ್ಟರು ಎಳೆದುಕೊಂಡ. "ಯಾರಿಗೆ? ಹಾಂ. ವಿಷಯ ಏನು ಬರೀಲಿ?"

"ಅತ್ತೆ ಮತ್ತು ಅಳಿಯ."

ಗುಮಾಸ್ತನ ಪೆನ್ನು ಮೇಲೆದ್ದಿತು. "ಮನೆ ಜಗಳದ ಕಾಗದಕ್ಕೆಲ್ಲ ಆಫೀಸಿನ ಸ್ಟಾಂಪು ಹಚ್ಚೋಕಾಗಲ್ಲ ಅಕ್ಕಾ. ಆಮೇಲೆ ಆಡಿಟ್‌ನೋರು ನನ್ನ ಕುತ್ತಿಗೆಗೆ ಬರ್ತಾರೆ."

ಐದು ತಿಂಗಳಿನಿಂದ ತಡೆದಿಟ್ಟದ್ದೆಲ್ಲ ಅಕ್ಕನಿಗೆ ಆಗ ನಗುವಾಗಿ ಬಂತು. ಕೌಂಟರಿನ ಕಟ್ಟೆ ಹಿಡಿದುಕೊಂಡು ನಕ್ಕಳು. ಗುಮಾಸ್ತ ಗಾಬರಿಯಾಗಿ ನೀರಿನ ಬಾಟಲಿ ಮುಂದೆ ತಳ್ಳಿದ.

"ಹನ್ನೊಂದನೆಯ ಮಾದರಿಯ ತಿದ್ದುಪಡಿ," ಎಂದಳು ಕಣ್ಣೊರೆಸಿಕೊಂಡು.

"ಹಾಗನ್ನಿ ಮತ್ತೆ. ಸುಮ್ನೆ ಹೆದರಿಸ್ತೀರಿ." ಅವನು ನಿಧಾನವಾಗಿ ಬರೆದ, ನಿಧಾನವಾಗಿ ಸಂಖ್ಯೆ ಹಾಕಿದ, ಆ ಸಂಖ್ಯೆಯನ್ನು ಲಕೋಟೆಯ ಮೇಲೂ ಬರೆದು ಸ್ಟಾಂಪು ಹಚ್ಚಿ ಮುಷ್ಟಿಯಿಂದ ಗುದ್ದಿದ. ಚೀಲದ ಗಂಟು ಬಿಚ್ಚಲು ಬಾರದೆ ಹಲ್ಲಿನಿಂದ ಕಚ್ಚಿ ಎಳೆದ. ಲಕೋಟೆ ಒಳಗೆ ಬಿತ್ತು. ಮತ್ತೆ ಗಂಟು ಹಾಕಿ, ಚೀಲವನ್ನು ಕಿಟಕಿಯಿಂದಲೇ ಚಾಲಕನ ಕೈಗೆ ದಾಟಿಸಿದ.

ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ವ್ಯಾನು ಹಿಂದಕ್ಕೆ ಬಂದು, ಸೈಕಲ್ಲಿನವನೊಬ್ಬ ದಾಟಲೆಂದು ನಿಂತು, ತಿರುಗಿ ಗೇಟಿನತ್ತ ಹೋಯಿತು. ಕಾವಲಿನವನು ಕೂತಲ್ಲಿಂದಲೇ ಹಗ್ಗ ಎಳೆದ. ಅಡ್ಡಕಂಬಿ ಮೇಲೆದ್ದಿತು. ವ್ಯಾನು ಹೊರಬಿದ್ದು ರಸ್ತೆಯ ಬೇರೆ ವಾಹನಗಳೊಳಗೆ ಸೇರಿತು. ಕಂಬಿ ಕೆಳಗಿಳಿದು, ಎರಡು ಸಲ ಅದುರಿ, ನಿಂತಿತು.